ನಮ್ಮ ಕಾರಿನ ಫ್ಲೈವೀಲ್ ಹಗುರಾದ ಪ್ರಸಂಗ

ನಗುವಂಥದ್ದು ಎಲ್ಲರ ಮನೆಯಲ್ಲೂ ನಡೆಯುತ್ತಲೇ ಇರುತ್ತದೆ; ನಮ್ಮ ಮನೆಯಲ್ಲಿ ಅದಕ್ಕೆ ತಾರೀಖು, ವೇಳೆ, ಸಾಕ್ಷಿಗಳೂ ಇರುತ್ತವೆ. ನಾನು ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದವಳು. ಹಾಲು ಉಕ್ಕಿದರೂ ಎಷ್ಟು ಹೊತ್ತಿಗೆ ಉಕ್ಕಿತು ಎಂದು ಬರೆದಿಡುವ ಅಭ್ಯಾಸ. ಇವು ಕಾರಿನ ನೋಟ್‌ಬುಕ್ಕಿನಿಂದ ತೆಗೆದವು.

೧. ಎಮ್ಮೆ ಎದ್ದ ಹಾಗೆ

ನಾನು ಡಿಗ್ರಿ ಮುಗಿಸಿದ ವರ್ಷ ಅಪ್ಪ ಕೊಡಿಸಿದ ಕಾರು ಇಂದಿಗೂ ಚಿತ್ರದುರ್ಗದ ನಮ್ಮ ಮನೆಯಲ್ಲಿದೆ. ಎರಡು ವರ್ಷದ ಹಿಂದೆ ಅದರ ಎಂಜಿನ್ ಪೂರ್ತಿ ಬಿಚ್ಚಿಸಿ, ಎರಡು ಕಾರ್ಬುರೇಟರ್ ಕೂರಿಸಿ, ರೇಸಿಗೆ ಬಿಡುವ ಹಾಗೆ ಮಾಡಿಸಿದ್ದೆ. ಆದರೂ ಹೊಸದುರ್ಗದಲ್ಲಿರುವ ನನ್ನ ತಮ್ಮನಿಗೆ ಅದನ್ನು ಕಂಡರೆ ತಮಾಷೆ.

"ಅಕ್ಕಾ, ನಿನ್ ಕಾರು ಓಡೋದೇನೋ ಚೆನ್ನಾಗೈತೆ. ಹೊರಡೋದು ಮಾತ್ರ ಎಮ್ಮೆ ಎದ್ದಂಗೆ. ಮೊದ್ಲು ಹಿಂಗಾಲು, ಆಮೇಲೆ ಮುಂಗಾಲು."

ಅವನ ಮಗಳ ಮದುವೆ ಗೊತ್ತಾಗಿತ್ತು. "ನಾನು ಅತ್ತೆ ಕಾರಲ್ಲೇ ಮಂಟಪಕ್ಕೆ ಹೋಗೋದು" ಎಂದು ಹುಡುಗಿ ಹಟ ಹಿಡಿದಿದ್ದಳು. ತಮ್ಮನಿಗೆ ತನ್ನ ಹೊಸ ಜೀಪಿಗೇ ಹೂ ಕಟ್ಟಿಸುವ ಆಸೆ. ಕೊನೆಗೆ ಪಂದ್ಯ ಕಟ್ಟಿದೆವು. ದುರ್ಗದಿಂದ ಹೊಸದುರ್ಗಕ್ಕೆ ಎರಡೂ ಗಾಡಿ ಒಟ್ಟಿಗೆ ಹೊರಡಬೇಕು. ವೇಗದ ಮಿತಿ ದಾಟಿದವರು ಸೋತಂತೆ. ಮೊದಲು ತಲುಪಿದ ಗಾಡಿಯಲ್ಲಿ ಮದುಮಗಳು.

"ಸೋತ್ರೆ ಏನೋ ಮಾಡ್ತೀಯ?" ಎಂದೆ.

"ಸೋತ್ರೆ ಮೆರವಣಿಗೇಲಿ ನಿನ್ ಕಾರಿನ ಹಿಂದೆ ನಡ್ಕಂಡ್ ಬರ್ತೀನಿ, ಬಿಡು."

ಅದನ್ನು ಬರೆದು ರುಜು ಹಾಕಿಸಿಕೊಂಡೆ. ಒಡಹುಟ್ಟಿದವರ ನಡುವೆ ನಂಬಿಕೆ ಇರಬೇಕು, ಕೆಳಗೆ ರುಜುವೂ ಇರಬೇಕು.

೨. ಬೀಸುವ ಕಲ್ಲು

ಎಮ್ಮೆಯ ಕಾಯಿಲೆಗೆ ಕಾರಣ ಫ್ಲೈವೀಲ್ ಎಂದು ಲೆಕ್ಕ ಹಾಕಿ ಕಂಡುಹಿಡಿದೆ. ಎಂಜಿನ್ನಿನ ಹಿಂಭಾಗದಲ್ಲಿ ಅದರ ಜೊತೆಗೇ ತಿರುಗುವ ದಪ್ಪ ಕಬ್ಬಿಣದ ಚಕ್ರ ಅದು. ನಮ್ಮ ಮನೆಯವರು ರಿಟೈರಾದ ಇತಿಹಾಸದ ಮೇಷ್ಟ್ರು. ಅವರಿಗೆ ಅರ್ಥವಾಗುವಂತೆ ಹೇಳಿದೆ.

"ರಾಗಿ ಬೀಸೋ ಕಲ್ಲಿದ್ದಂಗೆ ಕಣ್ರೀ. ಭಾರ ಇದ್ರೆ ತಿರುಗೋಕೆ ಶುರು ಮಾಡೋದೇ ತಡ. ಹಗುರ ಇದ್ರೆ ಮುಟ್ಟಿದ ತಕ್ಷಣ ಗಿರ್ ಅಂತೈತೆ."

ಅವರು ಕನ್ನಡಕ ಒರೆಸಿಕೊಳ್ಳುತ್ತ, "ಭಾರದ್ದು ಕೈ ಬಿಟ್ರೂ ಎರಡು ಸುತ್ತು ತಿರುಗ್ತೈತಲ್ಲ ಕಣೇ. ಹಗುರದ್ದು ಕೈ ಬಿಟ್ರೆ ಅಲ್ಲೇ ನಿಂತೋಗಲ್ವಾ?" ಎಂದರು.

"ನೀವು ಓದಿದ್ದು ಇತಿಹಾಸ" ಎಂದೆ. ಅವರು ಹೇಳಿದ್ದನ್ನೂ ಬರೆದಿಟ್ಟೆ, ತಪ್ಪು ಉತ್ತರಗಳ ಪುಟದಲ್ಲಿ.

೩. ಹಿರಿಯೂರಿನ ಲೇತು

ಹಿರಿಯೂರಿನಲ್ಲೊಬ್ಬರು ಲೇತಿನವರು. ಹಿಟ್ಟಿನ ಗಿರಣಿ, ಎಣ್ಣೆ ಗಾಣಗಳ ಚಕ್ರ ತಿದ್ದುವುದರಲ್ಲಿ ಎತ್ತಿದ ಕೈ. ಫ್ಲೈವೀಲ್ ಬಿಚ್ಚಿಸಿ, ತೂಕ ಮಾಡಿ (ಒಂಬತ್ತು ಕೆಜಿ), ಅವರ ಮುಂದಿಟ್ಟು, "ಇದರಲ್ಲಿ ನಾಲ್ಕು ಕೆಜಿ ತೆಗೀರಿ" ಎಂದೆ. ಒಂದು ವಾರ ಬಿಟ್ಟು ಹೋದರೆ ಚಕ್ರ ಬೆಳ್ಳಿ ತಟ್ಟೆಯಂತೆ ಹೊಳೆಯುತ್ತಿದೆ. ತಂದಿದ್ದ ತಕ್ಕಡಿಯಲ್ಲಿ ಅಲ್ಲೇ ತೂಗಿದೆ. ಎಂಟು ಕೆಜಿ ಒಂಬೈನೂರು ಗ್ರಾಂ.

"ನಾಲ್ಕು ಕೆಜಿ ತೆಗೀರಿ ಅಂದ್ರೆ ನೂರು ಗ್ರಾಂ ತೆಗ್ದಿದೀರಲ್ರೀ!"

"ಇದು ಬೀಡು ಕಬ್ಬಿಣ ತಾಯಿ. ತೆಳ್ಳಗೆ ಮಾಡಿದ್ರೆ ಜೋರಾಗಿ ತಿರುಗುವಾಗ ಒಡೆದು ಹಾರ್ತೈತೆ. ಅದಕ್ಕೇ ಪಾಲಿಷ್ ಮಾಡಿ ಬಿಟ್ಟೆ."

ನ್ಯಾಯವಾದ ಮಾತು, ಒಪ್ಪಿಕೊಂಡೆ. ಅವರು ಬಾಗಿಲವರೆಗೆ ಬಂದು ಮೆಲ್ಲಗೆ ಹೇಳಿದರು, "ಚಕ್ರ ಭಾರ ಮಾಡ್ಕೊಡ್ರಿ ಅಂತ ಬಂದೋರನ್ನ ಬೇಕಾದಷ್ಟು ನೋಡಿದೀನಮ್ಮ. ಸಣ್ಣ ಮಾಡ್ಕೊಡ್ರಿ ಅಂದೋರು ನೀವೇ ಮೊದ್ಲು. ಎಲ್ಲಾದ್ರೂ ಒಳ್ಳೆ ಕಡೆ ತೋರಿಸ್ರಿ."

ಕಾರನ್ನೋ ನನ್ನನ್ನೋ ಎಂದು ಅವರು ಹೇಳಲಿಲ್ಲ.

೪. ರೇಸಿಗಾ, ರೋಡಿಗಾ?

ಬೆಂಗಳೂರಿನ ಒಂದು ಅಂಗಡಿಗೆ ಫೋನ್ ಮಾಡಿದೆ. ನನ್ನ ಕಾರಿಗೆ ಹೊಂದುವ ಎರಡು ಚಕ್ರ ಅವರಲ್ಲಿದ್ದವು. ಉಕ್ಕಿನದು ಆರು ಕೆಜಿ, ಅಲ್ಯೂಮಿನಿಯಂನದು ನಾಲ್ಕು.

"ಮೇಡಂ, ಊರೊಳಗೆ ನಿಧಾನಕ್ಕೆ ಓಡಿಸೋದೂ ಇದ್ರೆ ಉಕ್ಕಿಂದು ತಗೊಳ್ಳಿ. ಅಲ್ಯೂಮಿನಿಯಂದು ಬರೀ ರೇಸಿನೋರಿಗೆ. ನಿಮ್ಗೆ ಬೇಕಾಗಿರೋದು ರೇಸಿಗಾ, ರೋಡಿಗಾ?"

"ಹೊಸದುರ್ಗಕ್ಕೆ" ಎಂದೆ.

ಆ ಕಡೆಯವರು ವಿಳಾಸ ಬರೆದುಕೊಂಡರು. ಆಮೇಲೆ ಅಲ್ಯೂಮಿನಿಯಂನದನ್ನೇ ಕಳಿಸಿದರು. ಪಂದ್ಯದ ಹಿಂದಿನ ರಾತ್ರಿಯಷ್ಟೇ ಅದನ್ನು ಕಾರಿಗೆ ಕೂರಿಸಿಯಾಯಿತು.

೫. ಕುರಿಗಳ ತೀರ್ಪು

ಪಂದ್ಯದ ದಿನ ಬೆಳಿಗ್ಗೆ ದುರ್ಗ ಬಿಟ್ಟಾಗ ಜೀಪು ಮುಂದೆ, ನಾನು ಹಿಂದೆ. ಇಬ್ಬರೂ ಮಿತಿ ದಾಟುವ ಹಾಗಿಲ್ಲವಾದ್ದರಿಂದ ಹೊಳಲ್ಕೆರೆಯವರೆಗೂ ಹಾಗೇ ಹೋದೆವು. ಹೊಳಲ್ಕೆರೆ ದಾಟಿದ ಮೇಲೆ ಒಂದು ದೊಡ್ಡ ಕುರಿಮಂದೆ ರಸ್ತೆ ತುಂಬಿಕೊಂಡಿತು. ಎರಡೂ ಗಾಡಿ ಅಕ್ಕಪಕ್ಕ ನಿಂತವು.

ನಿಂತಾಗ ಒಂದು ವಿಷಯ ತಿಳಿಯಿತು. ಆಕ್ಸಿಲರೇಟರಿನಿಂದ ಕಾಲು ತೆಗೆದರೆ ನನ್ನ ಎಂಜಿನ್ ಆಫ್ ಆಗುತ್ತಿತ್ತು. ಹಾಗಾಗಿ ಒತ್ತುತ್ತಲೇ ಇದ್ದೆ. ಬುರ್ರ್, ಬುರ್ರ್.

"ಯವ್ವಾ, ಯಾಕಂಗೆ ಗುರಾಯಿಸ್ತೀಯ? ಕುರಿ ಹೆದರ್ತಾವೆ" ಎಂದ ಕುರಿಗಾಹಿ ಮುದುಕ.

ಪಕ್ಕದಲ್ಲಿ ಕೂತಿದ್ದ ಮನೆಯವರು, "ನಿಂತ್ರೆ ನಿಂತೇ ಹೋಗ್ತೈತಲ್ಲೇ ಇದು?" ಎಂದರು.

"ನಿಲ್ಲಿಸೋಕೆ ಅಂತ ಯಾರಾದ್ರೂ ಕಾರು ತಗಂತಾರೇನ್ರೀ?" ಎಂದೆ.

ಅಷ್ಟರಲ್ಲಿ ಕೊನೆಯ ಕುರಿ ದಾಟಿತು. ತಮ್ಮ ಗೇರ್ ಹಾಕುವಷ್ಟರಲ್ಲಿ ನನ್ನ ಕಾರು ಚಂಗನೆ ಹಾರಿ ಮುಂದಿತ್ತು. ಹೊಸದುರ್ಗದಲ್ಲಿ ಅವನ ಮನೆ ಮುಂದೆ ಇಳಿದು, ಅವನು ಬರುವುದರೊಳಗೆ ಅರ್ಧ ಲೋಟ ಕಾಫಿ ಕುಡಿದಿದ್ದೆ. ಅವನಿಗೆ ನನ್ನ ಮಾತು ಒಂದೇ: "ಎಮ್ಮೆ ಬಂದೈತೆ, ಹುಲ್ಲು ಹಾಕು."

೬. ಬ್ಯಾಂಡಿನ ಹಿಂದೆ

ಮದುವೆಯ ಬೆಳಿಗ್ಗೆ ಕಾರಿಗೆ ಸೇವಂತಿಗೆ, ಕನಕಾಂಬರ. ಹಿಂದಿನ ಸೀಟಿನಲ್ಲಿ ಮದುಮಗಳು, ಸ್ಟಿಯರಿಂಗ್ ಹಿಡಿದು ರೇಷ್ಮೆ ಸೀರೆಯ ನಾನು. ಮುಂದೆ ಬ್ಯಾಂಡು. ಬ್ಯಾಂಡಿನವರು ಹತ್ತು ಹೆಜ್ಜೆ ಇಡುತ್ತಾರೆ, ನಿಲ್ಲುತ್ತಾರೆ, ಒಂದು ಹಾಡು ಊದುತ್ತಾರೆ, ಮತ್ತೆ ಹತ್ತು ಹೆಜ್ಜೆ.

ಮೆಲ್ಲಗೆ ಕ್ಲಚ್ ಬಿಟ್ಟರೆ ಎಂಜಿನ್ ಆಫ್. ಸ್ವಲ್ಪ ಆಕ್ಸಿಲರೇಟರ್ ಕೊಟ್ಟರೆ ಚಂಗನೆ ನೆಗೆತ. ಮೂರನೇ ನೆಗೆತಕ್ಕೆ ಕ್ಲಾರಿಯೋನೆಟ್ಟಿನವರು ಹಾಡು ನಿಲ್ಲಿಸಿ ತಿರುಗಿದರು. "ಅಮ್ಮಾ, ನಾವು ಊದ್ಬೇಕೋ, ಓಡ್ಬೇಕೋ?"

ಒಂಬತ್ತನೇ ಸಲ ಆಫ್ ಆದಾಗ ಬ್ಯಾಟರಿಯೂ ಕೈಕೊಟ್ಟಿತು. ಹಿಂದೆ ಹುಡುಗಿ ಅಳುವ ಹಾಗಿದ್ದಳು. "ಅತ್ತೆ, ಮುಹೂರ್ತ ಮೀರ್ತೈತೆ. ಇಳಿದು ಜೀಪಿಗೆ ಹೋಗ್ಲಾ?" ಮನೆಯವರು ಕಿಟಕಿಯ ಹತ್ತಿರ ಬಂದು, "ಆ ತಪ್ಪು ಉತ್ತರಗಳ ಪುಟ ತಂದಿದೀಯೇನೇ?" ಎಂದು ಕೇಳಿದರು.

ಅಷ್ಟರಲ್ಲಿ ಕಾರು ತಾನಾಗಿ ಚಲಿಸತೊಡಗಿತು. ಕನ್ನಡಿಯಲ್ಲಿ ನೋಡಿದರೆ, ಜರಿ ಪೇಟ, ರೇಷ್ಮೆ ಪಂಚೆ, ಹೆಗಲ ಮೇಲೆ ಶಲ್ಯ. ನನ್ನ ತಮ್ಮ ಎರಡೂ ಕೈಯಿಂದ ಕಾರನ್ನು ತಳ್ಳುತ್ತಿದ್ದಾನೆ!

"ನೀನು ಸುಮ್ನೆ ಸ್ಟಿಯರಿಂಗ್ ಹಿಡ್ಕ ಅಕ್ಕಾ! ನಡ್ಕಂಡ್ ಬರ್ತೀನಿ ಅಂತ ರುಜು ಹಾಕಿದೀನಿ. ಬರೀ ಕೈ ಬೀಸ್ಕಂಡ್ ಬರ್ತೀನಿ ಅಂತ ಎಲ್ಲೂ ಬರ್ದಿಲ್ಲ!"

ಹುಡುಗಿ ಅಳುವುದು ಬಿಟ್ಟು ನಕ್ಕಳು. ಮಂಟಪದ ಬಾಗಿಲವರೆಗೂ ಕಾರು ಕುಲುಕಲಿಲ್ಲ, ಮುಹೂರ್ತವೂ ಮೀರಲಿಲ್ಲ. ಇಳಿಯುವಾಗ ಗಂಡಿನ ಕಡೆಯ ಹಿರಿಯರೊಬ್ಬರು ಕೈಮುಗಿದು ಬಂದರು. "ಎಂಥಾ ನಯವಾದ ಗಾಡಿ ತಾಯಿ! ಸದ್ದೇ ಇಲ್ಲ. ಎಂಜಿನ್ನಿಗೆ ಏನು ಹಾಕಿಸಿದೀರಿ?"

ಉತ್ತರವನ್ನು ಅವತ್ತೇ ನೋಟ್‌ಬುಕ್ಕಿನಲ್ಲಿ ಬರೆದೆ:

ಹೊಸದುರ್ಗ, ಮೆರವಣಿಗೆ. ಪೆಟ್ರೋಲ್: ಇಲ್ಲ. ಎಂಜಿನ್: ತಮ್ಮ. ಎಳೆತ ಉತ್ತಮ. ಗೊಣಗಾಟದ ಸದ್ದು ಸ್ವಲ್ಪ ಇದೆ, ಹಳೇ ಎಂಜಿನ್ ಆದ್ದರಿಂದ ಸಹಜ.