ಹಳೆಯ ಕಂಪ್ಯೂಟರ್ ಎಸೆಯಲು ಹೇಳಿದ ಕಂಪನಿಗೆ

ಮಾನ್ಯರೇ,

ಹಳೆಯ ಕಂಪ್ಯೂಟರಿನಿಂದ ಹೊಸದಕ್ಕೆ ಫೈಲು ಸಾಗಿಸುವ ತಂತ್ರಾಂಶವನ್ನು ಲೋಕಕ್ಕೆ ದಯಪಾಲಿಸಿದ ತಮಗೆ, ಹೊಲಿಗೆ ಕೆಲಸಗಾರರ ಸಂಘದ ವಾಚನಾಲಯದ ಮುರುಕು ಕುರ್ಚಿಯಿಂದ ಎದ್ದು ನಿಂತು ವಂದಿಸುತ್ತೇನೆ.

ನಮ್ಮ ಚಿಕ್ಕಮ್ಮ, ಓದು ಬಾರದ ಹೊಲಿಗೆಯವರಿಗಾಗಿ ಕಾರ್ಮಿಕ ಹಕ್ಕುಗಳ ಕರಪತ್ರಗಳನ್ನೆಲ್ಲ ತಾವೇ ಓದಿ ಇಲ್ಲಿನ ಕಂಪ್ಯೂಟರಿನಲ್ಲಿ ಧ್ವನಿಮುದ್ರಿಸಿಟ್ಟಿದ್ದರು. ಗಂಟಲಿನ ಶಸ್ತ್ರಚಿಕಿತ್ಸೆಯಾಗಿ ಈಗ ಅವರ ಸ್ವರ ಹೋಗಿದೆ. ಉಳಿದಿರುವುದು ಆ ಯಂತ್ರದೊಳಗೆ ಮಾತ್ರ, ಅದರ ಹಾರ್ಡ್ ಡಿಸ್ಕೂ ಕಟಕಟ ಹಲ್ಲು ಕಡಿಯತೊಡಗಿದೆ. ಅದು ಕಣ್ಣು ಮುಚ್ಚುವ ಮುನ್ನ ಫೈಲುಗಳನ್ನು ದಾಟಿಸೋಣವೆಂದು ತಮ್ಮ ತಂತ್ರಾಂಶ ತೆರೆದರೆ, ಅದು ಯಾರನ್ನೂ ಕೇಳದೆ ತನ್ನನ್ನು ತಾನೇ ಹೊಸದಾಗಿಸಿಕೊಂಡು, ಇಷ್ಟು ಹಳೆಯ ಯಂತ್ರದಲ್ಲಿ ಓಡಲಾರೆನೆಂದು ಮುಖ ತಿರುಗಿಸಿತು. ಹಳೆಯ ಯಂತ್ರಗಳ ಉದ್ಧಾರಕ್ಕೆಂದೇ ಹುಟ್ಟಿದ್ದಕ್ಕೆ ಹಳೆಯ ಯಂತ್ರವೆಂದರಾಗದು! ಇಂಥ ಪ್ರಗತಿಗೆ ತಲೆಬಾಗದವರಾರು?

ತಮ್ಮ ಸಹಾಯವಾಣಿಯ ಅಕ್ಕ ನನ್ನ ಅಹವಾಲನ್ನೆಲ್ಲ ಕೇಳಿ, "ಆ ಹಳೇ ಕಂಪ್ಯೂಟರ್ ಎಸೆದುಬಿಡಿ ಮೇಡಂ, ಆಮೇಲೆ ನಮ್ದು ಸಲೀಸಾಗಿ ಓಡುತ್ತೆ" ಎಂದರು. ಆಕೆಯ ಮೇಲೆ ಕೋಪವಿಲ್ಲ. ತಾವು ಬರೆದುಕೊಟ್ಟದ್ದನ್ನು ಒಪ್ಪಿಸುವುದೇ ಆಕೆಯ ದುಡಿಮೆ. ರೋಗಿಯನ್ನು ಹೂತ ಮೇಲೆ ಗುಣ ಕಾಣುವ ಔಷಧಕ್ಕೆ ಬಹುಮಾನ ಸಲ್ಲಬೇಕಾದದ್ದು ತಮಗೆ.

ಕೊನೆಗೆ ಟೈಪ್‌ರೈಟರ್ ರಿಪೇರಿಯವರ ಅಂಗಡಿಯಲ್ಲಿದ್ದ ಸಿ.ಡಿ.ಯೊಂದರಲ್ಲಿ ತಮ್ಮದೇ ಹಳೆಯ ಆವೃತ್ತಿ ಸಿಕ್ಕಿತು. ಒಮ್ಮೆಗೇ ಹತ್ತಾರು ಫೈಲು ಎಳೆಯುವ ಅದರ ಆತುರಕ್ಕೆ ಕಂಪ್ಯೂಟರ್ ಮರಗಟ್ಟುತ್ತಿದ್ದುದರಿಂದ, ಸಲಕ್ಕೊಂದೇ ಫೈಲು, ವೇಗ ಕಡಿಮೆ, ಕಾಯುವ ಸಮಯ ಹೆಚ್ಚು ಎಂದು ಹೊಂದಿಸಿದೆ. ತೆವಳುತ್ತಾ ಹೊರಟಿತು. ಆದರೆ ನಡುನಡುವೆ 'ಹೊಸ ಆವೃತ್ತಿ ಬಂದಿದೆ' ಎಂಬ ಶುಭವಾರ್ತೆ. ಕೆಳಗೆ 'ಈಗಲೇ', 'ಆಮೇಲೆ' ಎಂಬ ಎರಡೇ ಗುಂಡಿಗಳು. ಏನೂ ಒತ್ತದಿದ್ದರೆ ತಾನಾಗಿಯೇ 'ಈಗಲೇ'. ಸುಮ್ಮನಿದ್ದವರೆಲ್ಲ ಒಪ್ಪಿದವರೆಂದು ಎಣಿಸುವ ತಮ್ಮ ಪ್ರಜಾಪ್ರಭುತ್ವ. ನೆಟ್ ತಂತಿ ಕಿತ್ತರೆ ಸಾಗಾಟವೂ ನಿಲ್ಲುತ್ತದೆ. ಹಾಗಾಗಿ ಚಿಕ್ಕಮ್ಮನೇ ಪರದೆಯ ಮುಂದೆ ಕುಳಿತು, ಆ ಸ್ವರ ಪೂರ್ತಿ ದಾಟುವವರೆಗೆ 'ಆಮೇಲೆ' ಒತ್ತುತ್ತಲೇ ಇದ್ದರು. ಇಂದು ಬೆಳಿಗ್ಗೆ ಕೊನೆಯ ಫೈಲೂ ದಾಟಿತು.

ಹಳತಾದದ್ದನ್ನು ಎಸೆಯುವ ತಮ್ಮ ಘನ ನಿಯಮವನ್ನು ತಮ್ಮ ಆಡಳಿತ ಮಂಡಳಿಯ ಹಿರಿಯರಿಗೂ ವಿಸ್ತರಿಸಬೇಕೆಂದು, ಸಮಾನತೆಯಲ್ಲಿ ನಂಬಿಕೆಯಿಟ್ಟವಳಾಗಿ ಬಿನ್ನವಿಸುತ್ತೇನೆ.

ತಮ್ಮ ಹಳೆಯ ಆವೃತ್ತಿಯ ವಿಶ್ವಾಸಿ,
ವಾಚನಾಲಯದ ಬೀಗದ ಕೈಯವಳು

ವಿ.ಸೂ.: 'ಬೇಡ' ಎಂಬ ಗುಂಡಿಯೊಂದನ್ನು ದಯವಿಟ್ಟು ಇಡಿ. ಚಿಕ್ಕಮ್ಮ ಈಗ ಬರೀ ತಲೆಯಲ್ಲಾಡಿಸಿದರೂ ಮನೆಯ ಕೂಸಿಗೆ ಅದು 'ಬೇಡ' ಎಂದು ತಿಳಿಯುತ್ತದೆ. ತಮ್ಮ ತಂತ್ರಾಂಶಕ್ಕೆ ಆ ಕೂಸಿನಷ್ಟು ಬುದ್ಧಿ ಬರುವುದು ಯಾವ ಆವೃತ್ತಿಯಲ್ಲಿ?