ಏರಿಳಿಯುವ ಸೀಟೂ ಶುಕ್ರವಾರದ ಗಂಧವೂ

ಅಂಗಡಿಗೆ ಹೋಗಿ, ಒಂದು ವಸ್ತುವನ್ನು ನೋಡಿ, ಚೆನ್ನಾಗಿದೆ ಎಂದು ಹೇಳಿ, ಆಗಲೇ ಚೀಲಕ್ಕೆ ಹಾಕಿಕೊಂಡು ಬರುವವರನ್ನು ಕಂಡರೆ ನನಗೆ ಸ್ವಲ್ಪ ಹೊಟ್ಟೆಕಿಚ್ಚು. ನನಗದು ಬರುವುದಿಲ್ಲ. ಕಾಯಿ ತುರಿಯುವ ಮಣೆ ಬೇಕಾದರೂ ಅದನ್ನು ಈಗಾಗಲೇ ಕೊಂಡವರ ಮನೆಗೆ ಹೋಗಿ, ಅವರ ತುರಿ ಸಣ್ಣಗೆ ಬಂದಿದೆಯೋ ದಪ್ಪಗೆ ಬಂದಿದೆಯೋ ನೋಡಿ, ಮಣೆ ಅಲುಗುತ್ತದೆಯೇ ಎಂದು ಕೇಳಿ, ಮನೆಗೆ ಬಂದು ಇನ್ನೊಂದು ವರ್ಷ ಹಳೆಯ ಮಣೆಯಲ್ಲೇ ತುರಿಯುತ್ತೇನೆ. ವಸ್ತು ಚೆಂದವಿರಬೇಕು ಎಂಬ ಆಸೆ ನನಗಿಲ್ಲ. ಅದು ಕೈಕೊಡಬಾರದು, ಅಷ್ಟೆ. ಮಿಕ್ಸಿ ಕೊಳ್ಳುವಾಗ ನಾನು ಕೇಳಿದ ಮೊದಲ ಪ್ರಶ್ನೆ, ಇದು ಕೆಟ್ಟರೆ ಮಂಡ್ಯದಲ್ಲಿ ಯಾರು ರಿಪೇರಿ ಮಾಡುತ್ತಾರೆ ಎಂಬುದು. ಮೊದಲು ತಗೊಳ್ಳಿ ಮೇಡಂ, ಆಮೇಲೆ ಕೆಡಲಿ ಎಂದಿದ್ದ ಅಂಗಡಿಯವನು.

ಇಂಥ ನಾನು ಒಂದು ಮೌಂಟನ್ ಬೈಕಿಗೆ ಡ್ರಾಪರ್ ಪೋಸ್ಟ್, ಅಂದರೆ ಸೀಟನ್ನು ಏರಿಸಿ ಇಳಿಸುವ ಕಂಬಿ, ಆರಿಸಬೇಕಾಗಿ ಬಂತು. ಮಂಡ್ಯದಲ್ಲಿ ಮೌಂಟನ್ ಎಲ್ಲಿದೆ ಎಂದು ಕೇಳಬೇಡಿ. ನಮ್ಮ ಕಡೆ ಹತ್ತುವುದೆಂದರೆ ನಾಲೆಯ ಏರಿ, ಇಳಿಯುವುದೆಂದರೆ ಅದೇ ಏರಿಯ ಆಚೆ ಬದಿ. ಆ ಸೈಕಲ್ಲನ್ನು ಕೊಂಡವಳೂ ನಾನಲ್ಲ. ಮಳವಳ್ಳಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ನನ್ನ ತಮ್ಮ ಮಾದೇವ ಹೊಟ್ಟೆ ಕರಗಿಸಲೆಂದು ಅದನ್ನು ತಂದ. ಮೊದಲ ದಿನ ಶಿವನಸಮುದ್ರದ ರಸ್ತೆ ಹಿಡಿದು ಬೆಳಕವಾಡಿಯವರೆಗೆ ಹೋದ. ಅಲ್ಲಿ ಹೊಟ್ಟೆತುಂಬ ಇಡ್ಲಿ ತಿಂದು, ಸೈಕಲ್ಲನ್ನು ಒಂದು ಗೂಡ್ಸ್ ಆಟೋಕ್ಕೆ ಹಾಕಿಕೊಂಡು ವಾಪಸ್ಸು ಬಂದ. ಎರಡನೆಯ ದಿನ ಇರಲೇ ಇಲ್ಲ. ಕೆಲವು ತಿಂಗಳ ಮೇಲೆ ನಮ್ಮ ಮನೆಗೆ ತಂದು ಇಳಿಸಿ, ‘ನೀನಾರ ಓಡ್ಸಕ್ಕ’ ಎಂದು ಹೇಳಿಹೋದ. ಅದು ಮೆಟ್ಟಿಲ ಕೆಳಗೆ ನಿಂತಿತು. ನಾನು ಅದರ ಹ್ಯಾಂಡಲ್ಲಿಗೆ ಈರುಳ್ಳಿ ಚೀಲ ನೇತುಹಾಕಿದೆ. ಮೌಂಟನ್ ಬೈಕಿನ ಹ್ಯಾಂಡಲ್ ಅಗಲವಾಗಿರುತ್ತದೆ, ಬೆಳ್ಳುಳ್ಳಿಗೂ ಜಾಗ ಸಿಕ್ಕಿತು.

ಆಮೇಲೆ ನನಗೆ ಸಕ್ಕರೆ ಹೆಚ್ಚಾಯಿತು. ಸಕ್ಕರೆ ಕಾರ್ಖಾನೆಯ ಊರಿನಲ್ಲಿದ್ದುಕೊಂಡು ಇದನ್ನು ಯಾರಿಗೆ ಹೇಳಿದರೂ ಅದೇ ಹಳೆಯ ತಮಾಷೆ ಮಾಡುತ್ತಾರೆ, ಆದ್ದರಿಂದ ಯಾರಿಗೂ ಹೇಳಲಿಲ್ಲ. ಡಾಕ್ಟರು ನಡೆಯಿರಿ ಎಂದರು. ಹಿಮ್ಮಡಿ ನೋವು, ನಡೆಯಲಾಗುವುದಿಲ್ಲ ಎಂದೆ. ಹಾಗಾದರೆ ಸೈಕಲ್ ತುಳಿಯಿರಿ, ಎರಡೂ ಆಗದಿದ್ದರೆ ಇಂಜೆಕ್ಷನ್ ಶುರು ಮಾಡೋಣ ಎಂದರು. ನನಗೆ ಸೂಜಿಯ ಹೆಸರು ಕೇಳಿದರೆ ಅಂಗೈ ಬೆವರುತ್ತದೆ. ಅಂದೇ ಸಂಜೆ ಈರುಳ್ಳಿ ಚೀಲವನ್ನು ಅಡುಗೆಮನೆಗೆ ಒಯ್ದೆ.

ಸೈಕಲ್ ನನಗೆ ಹೊಸದೇನಲ್ಲ. ಕೆರಗೋಡಿನಲ್ಲಿ ಹುಡುಗಿಯಾಗಿದ್ದಾಗ ಅಪ್ಪನ ದೊಡ್ಡ ಸೈಕಲ್ಲನ್ನು ಒಳಪೆಡಲು ತುಳಿದೇ ಗದ್ದೆಬಯಲೆಲ್ಲ ಸುತ್ತಿದವಳು. ಆದರೆ ಒಳಪೆಡಲು ತುಳಿಯುವವರಿಗೆ ಸೀಟಿನ ಗೊಡವೆಯಿಲ್ಲ. ಹಾಗಾಗಿ ಕಾಲು ಎರಡೂ ಕಡೆ ಇಟ್ಟು ಸೀಟಿನ ಮೇಲೆ ಕೂರುವುದನ್ನು ನಾನು ಐವತ್ತರ ಹತ್ತಿರ ಬಂದ ಮೇಲೆ ಕಲಿತೆ. ಕಲಿಸಿದವರು ನಮ್ಮ ಮನೆಯವರು. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದು ಆಗಷ್ಟೇ ರಿಟೈರಾಗಿದ್ದರು. ಬೆಳಿಗ್ಗೆ ನಾನು ಮುಂದೆ ತೂರಾಡುತ್ತ ಹೋಗುವುದು, ಅವರು ಸೀಟಿನ ಹಿಂಭಾಗ ಹಿಡಿದುಕೊಂಡು ಹಿಂದೆ ಅರ್ಧ ನಡೆದು ಅರ್ಧ ಓಡಿ ಬರುವುದು. ಮೂಲೆಮನೆಯ ಚಿಕ್ಕತಾಯಮ್ಮ ರಂಗೋಲಿ ಬಿಡುತ್ತ, ‘ಅಲ್ಲ ಕಣವ್ವ, ಮೇಷ್ಟ್ರು ರಿಟೇರಾದ್ರು ಅಂತ ಇಂಗಾ ಓಡ್ಸದು ನೀನು’ ಎನ್ನುತ್ತಿದ್ದರು. ಅದಕ್ಕೆ ನಮ್ಮವರು, ‘ಪಿಂಚಣಿ ಕೊಡ್ತಾಳೆ ಕಣಕ್ಕ, ಓಡ್ಬೇಕು’ ಎಂದು ಉತ್ತರ ಕೊಟ್ಟು ಓಡುತ್ತಿದ್ದರು.

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮವರು ಮಾತಿನ ಮನುಷ್ಯರಲ್ಲ. ಊಟಕ್ಕೆ ಕೂತಾಗ ಉಪ್ಪು ಬೇಕು ಎನ್ನುವುದನ್ನೂ ಕೈಸನ್ನೆಯಲ್ಲೇ ಹೇಳಿ ಮುಗಿಸುತ್ತಾರೆ. ಅಂಥವರು ಸೀಟು ಹಿಡಿದುಕೊಂಡ ಮೇಲೆ, ನನ್ನ ಬೆನ್ನು ನೋಡಿಕೊಂಡು, ಮಾತಾಡಲು ಶುರುಮಾಡಿದರು. ರಿಟೈರಾದ ಮೇಲಿನ ಮೊದಲ ಸೋಮವಾರ ಅವರು ಎಲ್ಲಿಗೆ ಹೋಗಿದ್ದರು ಎಂಬುದು ನನಗೆ ತಿಳಿದದ್ದೂ ಹಾಗೆಯೇ. ‘ಇಸ್ತ್ರಿ ಮಾಡಿದ ಸರ್ಟ್ ಆಕ್ಕೊಂಡು ಬಸ್‌ಸ್ಟಾಂಡಿಗೆ ಓಗಿದ್ದೆ ಕಣಮ್ಮಿ. ಯಾವ ಬಸ್ಸೂ ಅತ್ಲಿಲ್ಲ. ಸುಮ್ನೆ ನಿಂತಿದ್ದು ಬಂದೆ’ ಎಂದರು. ನಾನು ಹಿಂದಿರುಗಿ ನೋಡಲಿಲ್ಲ. ನೋಡಿದ್ದರೆ ಬಿದ್ದುಬಿಡುತ್ತಿದ್ದೆ, ಬೀಳದಿದ್ದರೂ ಅವರು ಮಾತು ನಿಲ್ಲಿಸಿಬಿಡುತ್ತಿದ್ದರು.

ತೊಂದರೆ ಬಂದದ್ದು ಸೀಟಿನ ಎತ್ತರದಿಂದ. ನಾನು ಕುಳ್ಳಿ. ಸೀಟು ಇಳಿಸಿದರೆ ಕಾಲು ನೆಲಕ್ಕೆ ಸಿಗುತ್ತದೆ, ಆದರೆ ತುಳಿಯುವಾಗ ಮಂಡಿ ಗದ್ದಕ್ಕೆ ಬಂದು ಕಪ್ಪೆಯಂತೆ ಕಾಣುತ್ತೇನೆ, ಮಂಡಿಯೂ ನೋಯುತ್ತದೆ. ಏರಿಸಿದರೆ ತುಳಿಯಲು ಸುಖ, ಆದರೆ ಎದುರಿಗೆ ಕಬ್ಬಿನ ಟ್ರಾಕ್ಟರ್ ಬಂದಾಗ ನಿಲ್ಲಿಸಿದರೆ ಕಾಲಿಗೆ ನೆಲವೇ ಸಿಗುವುದಿಲ್ಲ. ಎರಡು ಟ್ರೈಲರಿನ ತುಂಬ ಕಬ್ಬು ಹೇರಿಕೊಂಡು ರಸ್ತೆಯಗಲಕ್ಕೂ ಬರುವ ಟ್ರಾಕ್ಟರಿಗೆ ಜಾಗ ಬಿಡದೆ ನಮ್ಮೂರಲ್ಲಿ ಸೈಕಲ್ ಹೊಡೆಯಲಾಗದು. ಅಂಥ ಹೊತ್ತಿನಲ್ಲಿ ಹಿಂದೆ ಅವರ ಕೈ ಇರುತ್ತಿತ್ತು. ಆದರೆ ಓಡಿ ಓಡಿ ಅವರ ಮಂಡಿ ಊದಿಕೊಂಡಿತು. ನಿಧಾನವಾಗಿ ನಡೆಯಬಹುದು, ಓಡುವಂತಿಲ್ಲ ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದರು. ನನಗೆ ಸೂಜಿ ಮತ್ತೆ ಕಣ್ಣೆದುರು ಬಂತು.

ಆಗ ಮಾದೇವನೇ ಫೋನಿನಲ್ಲಿ ಈ ಡ್ರಾಪರ್ ಪೋಸ್ಟಿನ ಸಂಗತಿ ಹೇಳಿದ. ಸೀಟನ್ನು ಹೊತ್ತಿರುವ ಕಂಬಿಯನ್ನೇ ಬದಲಾಯಿಸುವುದು. ಹ್ಯಾಂಡಲ್ಲಿನ ಪಕ್ಕ ಒಂದು ಲಿವರ್. ಅದನ್ನು ಒತ್ತಿ ಕೂತರೆ ಸೀಟು ಕೆಳಗಿಳಿಯುತ್ತದೆ. ಕೊಂಚ ಎದ್ದು ಒತ್ತಿದರೆ ತಾನೇ ಮೇಲೇರುತ್ತದೆ. ಬೆಟ್ಟದಿಂದ ಧುಮುಕುವ ಹುಡುಗರಿಗಾಗಿ ಮಾಡಿದ್ದಂತೆ. ನನಗೆ ಅದು ಕಬ್ಬಿನ ಟ್ರಾಕ್ಟರಿನಿಂದ ಪಾರಾಗಲು ಸಾಕಾಗಿತ್ತು.

ಆದರೆ ಯಾವುದನ್ನು ಕೊಳ್ಳುವುದು? ನಾನು ಮದ್ದೂರಿನ ಒಂದು ಕಾಲೇಜಿನ ಕಚೇರಿಯಲ್ಲಿ ಕೆಲಸ ಮಾಡುವವಳು. ಮಂಡ್ಯದಿಂದ ಮದ್ದೂರಿಗೆ ರೈಲಿನಲ್ಲಿ ಹೋಗುತ್ತ ಬರುತ್ತ ಫೋನಿನಲ್ಲಿ ಡ್ರಾಪರ್ ಪೋಸ್ಟುಗಳ ವಿಡಿಯೋ ನೋಡತೊಡಗಿದೆ. ಪಕ್ಕದಲ್ಲಿ ಕೂತವರು ನಾನು ಧಾರಾವಾಹಿ ನೋಡುತ್ತಿದ್ದೇನೆಂದು ಬಗ್ಗಿ ನೋಡಿ ನಿರಾಶರಾಗುತ್ತಿದ್ದರು. ಎಷ್ಟು ಇಳಿಯುತ್ತದೆ, ಎಷ್ಟು ಬೇಗ ಏರುತ್ತದೆ, ಕೇಬಲ್ಲು ಹೊರಗೋ ಒಳಗೋ, ಇದನ್ನೆಲ್ಲ ವಿಡಿಯೋದವರು ಹೇಳುತ್ತಾರೆ. ನನಗೆ ಬೇಕಾದ ಒಂದನ್ನು ಹೇಳುವುದಿಲ್ಲ: ಕೂತವಳನ್ನು ಹೊತ್ತುಕೊಂಡು ಅದು ತಾನಾಗಿಯೇ ಕುಸಿಯುತ್ತದೆಯೇ?

ಈ ಭಯಕ್ಕೆ ಕಾರಣವಿದೆ. ನಮ್ಮ ಕಚೇರಿಯ ಸೂಪರಿಂಟೆಂಡೆಂಟರ ಕುರ್ಚಿಯೂ ಇದೇ ಜಾತಿಯದು. ಒಳಗೆ ಗ್ಯಾಸು ತುಂಬಿದ ಕೊಳವೆ. ಅದು ಹಳತಾಗಿದೆ. ಅವರು ನಮ್ಮನ್ನು ಕರೆದು ಬೈಯಲು ಶುರುಮಾಡಿದಾಗ ಎತ್ತರದಲ್ಲಿರುತ್ತದೆ. ಬೈಗುಳ ಮುಗಿಯುವ ಹೊತ್ತಿಗೆ ಅವರ ಗದ್ದ ಮೇಜಿಗೆ ಬಂದಿರುತ್ತದೆ. ಅಷ್ಟು ಕೆಳಗಿನಿಂದ ಬೈದರೆ ಯಾರಿಗೂ ನಾಟುವುದಿಲ್ಲ. ಪಕ್ಕದ ಮೇಜಿನ ನಾಗರತ್ನ ಮತ್ತು ನಾನು ಎಷ್ಟೋ ಸಲ ಫೈಲು ಮುಖಕ್ಕೆ ಹಿಡಿದುಕೊಂಡು ಹೊರಗೆ ಬಂದಿದ್ದೇವೆ. ಅಂಥದೊಂದು ಕಂಬಿಯ ಮೇಲೆ ಕೂತು ನಾನು ಕೆರಗೋಡಿನ ರಸ್ತೆಯಲ್ಲಿ ನಿಧಾನವಾಗಿ ಅಂತರ್ಧಾನವಾಗುವುದನ್ನು ನೆನೆಸಿಕೊಂಡು ಇನ್ನೂ ಎರಡು ತಿಂಗಳು ಯೋಚಿಸಿದೆ.

ಕೊನೆಗೆ ಮಂಡ್ಯದ ಒಂದು ಸೈಕಲ್ ಅಂಗಡಿಗೆ ಇಬ್ಬರೂ ಹೋದೆವು. ಗ್ಯಾಸ್ಕೆಟ್ ಬಿಡಿಯಾಗಿ ಸಿಗುತ್ತದೆಯೇ ಎಂದು ಕೇಳಿದೆ. ಅದು ಕುಕ್ಕರ್ ಅಲ್ಲ ಮೇಡಂ ಎಂದ ಅಂಗಡಿಯವನು. ಕುಕ್ಕರಿಗಾದರೆ ಸೀಟಿ ಇರುತ್ತದೆ, ಇದು ಹೇಳದೆ ಕೇಳದೆ ಕೈಕೊಟ್ಟರೆ ಏನು ಮಾಡಲಿ ಎಂದೆ. ಮೊದಲು ತರಿಸಿದ್ದು ನಮ್ಮ ಸೈಕಲ್ಲಿನ ಕೊಳವೆಗೆ ಒಂದಿಷ್ಟು ಸಣ್ಣದಾಗಿತ್ತು. ಡಬ್ಬದ ತಗಡು ಸುತ್ತಿ ಬಿಗಿ ಮಾಡುತ್ತೇನೆಂದು ಹೊರಟವನನ್ನು ತಡೆದು, ಸರಿಯಾದ ಅಳತೆಯದು ಬರುವವರೆಗೆ ಕಾದೆವು. ಒಳಗಿನ ಗ್ಯಾಸಿನ ಕೊಳವೆ ಹಾಳಾದರೆ ಅದೊಂದನ್ನೇ ಬದಲಾಯಿಸಬಹುದಾದದ್ದು, ಕೇಬಲ್ಲು ಹೊರಗೇ ಕಣ್ಣಿಗೆ ಕಾಣುವಂತಿರುವುದು, ಇಳಿತ ಅತಿಯಾಗಿಲ್ಲದ್ದು, ಕೊನೆಗೆ ಅಂಥದೇ ಬಂತು. ನಮ್ಮವರು ಅಂಗಡಿಯಲ್ಲೇ ಅದರ ಮೇಲೆ ಕೂತು, ಕುಸಿಯುತ್ತದೋ ಎಂದು ಬಹಳ ಹೊತ್ತು ಕಾದರು. ಕುಸಿಯಲಿಲ್ಲ. ಅವರ ಮುಖದಲ್ಲಿ ಸಂತೋಷ ಕಾಣಬೇಕಾಗಿತ್ತು, ಕಾಣಲಿಲ್ಲ. ‘ಗಟ್ಟಿಯಾಗೇ ಅದೆ, ತಗೊ’ ಎಂದಷ್ಟೇ ಹೇಳಿದರು.

ನಿಜಕ್ಕೂ ಗಟ್ಟಿಯಾಗಿತ್ತು. ಗೇಟಿನ ಮುಂದೆ ಎರಡೂ ಕಾಲು ನೆಲದ ಮೇಲಿಟ್ಟು ರಾಣಿಯಂತೆ ಕೂರುವೆ; ನಾಲ್ಕು ತುಳಿತ ತುಳಿದು ಲಿವರ್ ಒತ್ತಿದರೆ ಸೀಟು ಟಕ್ ಎಂದು ಬಂದು ಆಸರೆ ಕೊಡುತ್ತದೆ. ಟ್ರಾಕ್ಟರ್ ಬಂದರೆ ಇಳಿಯುತ್ತದೆ, ಹೋದ ಮೇಲೆ ಏರುತ್ತದೆ. ಬೆಳಿಗ್ಗೆ ಆಲೆಮನೆಯ ಬೆಲ್ಲದ ವಾಸನೆಯ ನಡುವೆ ನಾಲೆ ಏರಿಯ ಮೇಲೆ ಸರಾಗವಾಗಿ ಹೋಗಿಬರತೊಡಗಿದೆ. ಸಕ್ಕರೆ ಇಳಿಯಿತು. ಡಾಕ್ಟರು ಇಂಜೆಕ್ಷನ್ ಮಾತೆತ್ತುವುದನ್ನು ಬಿಟ್ಟರು. ನಮ್ಮವರು ಗೇಟಿನವರೆಗೆ ಬಂದು ಕಳಿಸಿ, ನಾನು ಬರುವ ಹೊತ್ತಿಗೆ ಮತ್ತೆ ಗೇಟಿನಲ್ಲಿರುತ್ತಿದ್ದರು. ನಡುವೆ ಆ ಗೇಟಿಗೆ ಎರಡು ಸಲ ಬಣ್ಣ ಬಳಿದರು. ದಾರಿಯಲ್ಲಿ ಏನು ಕಂಡೆ ಎಂದು ಮೊದಮೊದಲು ಕೇಳುತ್ತಿದ್ದರು. ವೇಗವಾಗಿ ಹೋಗುವವಳಿಗೆ ಏನು ಕಾಣುತ್ತದೆ? ಏನಿಲ್ಲ ಎನ್ನುತ್ತಿದ್ದೆ. ಆಮೇಲೆ ಕೇಳುವುದನ್ನು ಬಿಟ್ಟರು. ಮನೆಯಲ್ಲಿ ಮತ್ತೆ ಉಪ್ಪಿಗೆ ಕೈಸನ್ನೆ ಶುರುವಾಯಿತು.

ಅಷ್ಟರಲ್ಲಿ ಆಯುಧಪೂಜೆ ಬಂತು. ಈಳಿಗೆಮಣೆ, ಮಿಕ್ಸಿ, ನಮ್ಮವರ ಬಣ್ಣದ ಕುಂಚಗಳು, ಸ್ಕೂಟರು, ಸೈಕಲ್ಲು ಎಲ್ಲವನ್ನೂ ತೊಳೆದು ಸಾಲಾಗಿ ನಿಲ್ಲಿಸಿದೆ. ಎಲ್ಲಕ್ಕೂ ಗಂಧ ಇಡುತ್ತ ಬಂದು ಸೈಕಲ್ಲಿನ ಮುಂದೆ ನಿಂತೆ. ಮೈಯೆಲ್ಲ ಮಾಸಲು ಕಪ್ಪು. ಸೀಟು ಮೇಲೇರಿ ನಿಂತಾಗ ಕಾಣುವ ಆ ನುಣುಪು ಕೊಳವೆಯೊಂದೇ ಫಳಫಳ ಹೊಳೆಯುತ್ತಿತ್ತು. ಹಣೆ ಎಂದರೆ ಅದೇ ಎನಿಸಿತು. ನನ್ನನ್ನು ಸೂಜಿಯಿಂದ ಕಾಪಾಡಿದ ಹಣೆ. ಮನಸ್ಸಿಟ್ಟು ತೇಯ್ದ ಗಟ್ಟಿ ಗಂಧವನ್ನು ಮೂರು ಬೆರಳಲ್ಲಿ ಸುತ್ತಲೂ ಬಳಿದು, ನಡುವೆ ಕುಂಕುಮ ಇಟ್ಟು, ಚಕ್ರಕ್ಕೆ ನಿಂಬೆಹಣ್ಣು ಕೊಟ್ಟೆ.

ಮಾರನೆಯ ಬೆಳಿಗ್ಗೆ ಕೂತು ಲಿವರ್ ಒತ್ತಿದೆ. ಸೀಟು ಒಣಗಿದ ಗಂಧವನ್ನೆಲ್ಲ ಒಳಗೆ ಎಳೆದುಕೊಂಡು ಕರಕರ ಎನ್ನುತ್ತ ಇಳಿಯಿತು. ಮತ್ತೆ ಏರಲಿಲ್ಲ. ನಾನು ಲಿವರ್ ಒತ್ತಿ ಹಿಡಿದು, ನಮ್ಮವರು ಎರಡೂ ಕೈಯಲ್ಲಿ ಸೀಟು ಎಳೆದರೆ ಮಾತ್ರ ಮೇಲೆ ಬರುತ್ತಿತ್ತು. ಹಾಗೆ ಮೇಲೆ ಬಂದ ಸೀಟಿಗೆ ನಾನು ಹತ್ತಬೇಕಾದರೆ ಯಾರಾದರೂ ಹಿಡಿದುಕೊಳ್ಳಬೇಕಿತ್ತು. ಅವರು ಹಿಡಿದುಕೊಂಡರು. ಮೂಲೆಯವರೆಗೆ ನಡೆದೇ ಬರ್ತೀನಿ, ಓಡಲ್ಲ ಎಂದರು. ಅವರ ನಡಿಗೆಗೆ ಸರಿಯಾಗಿ ಸೈಕಲ್ ಹೊಡೆಯುವುದು ಬೆಟ್ಟ ಹತ್ತುವುದಕ್ಕಿಂತ ಕಷ್ಟ. ತೂರಾಡುತ್ತ ಹೋದೆವು. ಮೂಲೆ ಬಂತು, ಅವರು ಬಿಡಲಿಲ್ಲ. ಬಡಾವಣೆ ಮುಗಿದು ಕಬ್ಬಿನ ಗದ್ದೆ ಶುರುವಾಯಿತು. ಹಿಂದಿನಿಂದ ಅವರ ದನಿ ಬಂತು.

‘ಈ ಸಲ ಸೂಲಂಗಿ ಬೆಳ್ಳಗಿಲ್ವಲ್ಲಮ್ಮಿ. ಎಲ್ಲಾ ಮಣ್ ಬಣ್ಣ ಆಗವೆ.’

ನಾನು ನೋಡಿದೆ. ಮುಂಚಿತವಾಗಿ ನೆಟ್ಟ ಒಂದು ಗದ್ದೆಯ ಕಬ್ಬು ಆಗಲೇ ಹೂಬಿಟ್ಟಿತ್ತು. ಸೂಲಂಗಿಗಳು ಬಿಸಿಲಿಗೆ ಬೆಳ್ಳಿಯಂತೆ ತೂಗುತ್ತಿದ್ದವು.

‘ಯಾವಾಗಿಂದ ಅಂಗ್ ಕಾಣ್ತವೆ?’ ಎಂದೆ, ಮುಂದೆ ನೋಡಿಕೊಂಡೇ.

‘ಬಾಳ ದಿನ ಆಯ್ತು. ಗೇಟಿಗೆ ಮೊದ್ಲು ಬಳ್ದಿದ್ದು ಯಾವ್ ಬಣ್ಣ ಅಂತ ಸರ್ಯಾಗಿ ತಿಳೀನಿಲ್ಲ. ಅದ್ಕೇ ಎರಡ್ನೇ ಸಲ ಬಳ್ದೆ.’ ಸೀಟು ಹಿಡಿದ ಕೈ ಬದಲಾಯಿಸಿದರು. ‘ಪೊರೆ ಇರ್ಬೇಕು. ಕಣ್ಗೆ ಸೂಜಿ ಚುಚ್ತಾರಂತಲ್ಲ, ಅದ್ಕೇ ಏಳ್ನಿಲ್ಲ ಕಣಮ್ಮಿ.’

ಜೀವನವಿಡೀ ಬಣ್ಣ ಕಲಿಸಿದ ಮನುಷ್ಯ. ಸೈಕಲ್ ನಿಲ್ಲಿಸಬೇಕೆನಿಸಿತು, ನಿಲ್ಲಿಸಲಿಲ್ಲ. ‘ಸೂಜಿಗೆ ಎದ್ರಬ್ಯಾಡಿ, ನಾನ್ ಇಡ್ಕೊಂಡಿರ್ತೀನಿ’ ಎಂದೆ. ಸೂಜಿಯ ವಿಷಯದಲ್ಲಿ ಧೈರ್ಯ ಹೇಳಲು ನನಗಿಂತ ಅಯೋಗ್ಯರು ಮಂಡ್ಯ ಜಿಲ್ಲೆಯಲ್ಲಿ ಇರಲಿಕ್ಕಿಲ್ಲ.

ಪೊರೆ ತೆಗೆಸಿದ್ದಾಯಿತು. ಚುಚ್ಚಲೇ ಇಲ್ಲ, ಹನಿ ಹಾಕಿ ಮರಗಟ್ಟಿಸಿದರು ಎಂದು ಅವರು ಹೊರಗೆ ಬಂದು ಹೇಳುವಾಗ ನಾನು ಅಲ್ಲೇ ಬೆಂಚಿನ ಮೇಲೆ ಬೆವರುತ್ತಿದ್ದೆ. ಅವರನ್ನು ನೋಡಲು ಬಂದ ಮಾದೇವ ಸೈಕಲ್ಲನ್ನೂ ನೋಡಿದ. ಕಂಬಿ ಬಿಚ್ಚಿ, ಒಳಗಿಂದ ಹಳದಿ ಹುಡಿಯನ್ನು ತೆಗೆದು ಅಂಗೈಯಲ್ಲಿ ಹಿಡಿದು, ‘ಅಲ್ಲ ಕಣಕ್ಕ, ದ್ಯಾವ್ರಿಗೆ ಅಚ್ಚೋ ಗಂಧವ ತಂದು ಇದ್ರ ಗಂಟ್ಲಿಗೆ ಮೆತ್ತಿದ್ದೀಯಲ್ಲ, ಅದು ಉಸುರ್ ಬುಡದಾದ್ರೂ ಎಂಗೆ?’ ಎಂದು ಬೈದ. ಒರೆಸಿ, ಗ್ರೀಸು ಹಚ್ಚಿ, ಇನ್ನು ಮೇಲೆ ಇಡುವುದಾದರೆ ಹ್ಯಾಂಡಲ್ಲಿಗೆ ಇಡು ಎಂದ. ಸೀಟು ಮತ್ತೆ ಟಕ್ ಎಂದು ಏರತೊಡಗಿತು. ಇದನ್ನೆಲ್ಲ ನಮ್ಮವರು ಕಪ್ಪು ಕನ್ನಡಕದೊಳಗಿಂದ ಗಮನವಿಟ್ಟು ನೋಡುತ್ತಿದ್ದರು.

ಅದಾದ ಕೆಲವು ವಾರಕ್ಕೆ, ಒಂದು ಶುಕ್ರವಾರ, ದೇವರ ಮನೆಯಲ್ಲಿ ಗಂಧ ತೇಯುವ ಸದ್ದು ಕೇಳಿಸಿತು. ನಮ್ಮವರು ಪೂಜೆಯ ತಂಟೆಗೆ ಹೋದವರಲ್ಲ. ಹೊರಗೆ ಬಂದು ನೋಡಿದರೆ ಸೀಟಿನ ಕಂಬಿಗೆ ಮೂರು ಪಟ್ಟೆ, ಡ್ರಾಯಿಂಗ್ ಮೇಷ್ಟ್ರ ಕೈಯ ಒಂದೇ ಸಮನಾದ ಪಟ್ಟೆ, ನಡುವೆ ದುಂಡನೆಯ ಕುಂಕುಮ. ‘ಸುಕ್ರವಾರ ಅಲ್ವಾ’ ಎಂದರು. ಹೌದು ಎಂದೆ. ಅಂದಿನಿಂದ ನಮ್ಮ ಸೀಟು ಪ್ರತಿ ಶುಕ್ರವಾರ ಹಿಡಿದುಕೊಳ್ಳುತ್ತದೆ. ನಾವಿಬ್ಬರೂ ಕಬ್ಬಿನ ಗದ್ದೆಯವರೆಗೆ ನಡಿಗೆಯ ವೇಗದಲ್ಲಿ ಹೋಗಿ ಬರುತ್ತೇವೆ. ಶನಿವಾರ ನಾನು ಬಿಚ್ಚಿ ಒರೆಸಿ ಸರಿಮಾಡುತ್ತೇನೆ. ಅಷ್ಟು ರಿಪೇರಿ ನನಗೂ ಬಂದಿದೆ.

ಮೊನ್ನೆ ನಾಗರತ್ನ ತನಗೂ ಅಂಥದೊಂದು ಬೇಕು, ಅದನ್ನು ನಂಬಬಹುದೇ ಎಂದು ಕೇಳಿದಳು. ನಂಬಬಹುದು, ಶುಕ್ರವಾರ ಮಾತ್ರ ಸ್ವಲ್ಪ ಕೈಕೊಡುತ್ತದೆ ಎಂದೆ. ಕಂಪನಿಯವರಿಗೆ ದೂರು ಕೊಡಬಾರದೇ ಎಂದಳು. ಅವಳಿಗೇನು ಹೇಳಲಿ? ಗಂಧ ಹಸಿಯಾಗಿರುವಾಗಲೇ ಒದ್ದೆ ಬಟ್ಟೆಯಲ್ಲಿ ಒಮ್ಮೆ ಒರೆಸಿದರೆ ಸಾಕು, ಏನೂ ಆಗುವುದಿಲ್ಲ ಎಂದು ಮಾದೇವ ಹೇಳಿಕೊಟ್ಟಿದ್ದಾನೆ. ಅದಕ್ಕೆಂದೇ ಒಂದು ಬಟ್ಟೆಯನ್ನು ಮೆಟ್ಟಿಲ ಕೆಳಗೆ ಮೊಳೆಗೆ ಸಿಕ್ಕಿಸಿಟ್ಟಿದ್ದೇನೆ. ಗುರುವಾರ ಸಂಜೆ ಅದನ್ನು ಒಗೆದು ಹರವುತ್ತೇನೆ. ಶುಕ್ರವಾರ ಬೆಳಿಗ್ಗೆ ನೋಡಿದರೆ ಇನ್ನೂ ಒಣಗಿರುವುದಿಲ್ಲ, ಬಟ್ಟೆ ಒದ್ದೆಯಿದೆಯಲ್ಲ ಎಂದುಕೊಂಡು ಕಾಫಿಗೆ ನೀರಿಡಲು ಒಳಗೆ ಹೋಗುತ್ತೇನೆ. ಒರೆಸಲು ಬೇಕಾಗಿದ್ದುದು ಒದ್ದೆ ಬಟ್ಟೆಯೇ ಅಲ್ಲವೇ ಎಂದು ಈವರೆಗೆ ಯಾರೂ ನನ್ನನ್ನು ಕೇಳಿಲ್ಲ.