ನಡುಸೀಟಿನ ಬಂಡಾಯ

ಹನ್ನೊಂದು ವರ್ಷ ನಮ್ಮ ಕಾರಿನ ಹಿಂದಿನ ಸೀಟಿನ ನಟ್ಟನಡುವೆ ಕೂತು ಪ್ರಯಾಣ ಮಾಡಿದವಳು ನಾನು. ಅನುಕಂಪಕ್ಕಾಗಿ ಹೇಳುತ್ತಿಲ್ಲ, ದಾಖಲೆಗೆ ಇರಲಿ ಎಂದು ಹೇಳುತ್ತಿದ್ದೇನೆ. ಮುಂದೆ ನಾನು ಮಾಡಿದ್ದನ್ನು ಕೇಳಿ "ಇವಳಿಗೆ ಇದೆಲ್ಲ ಬೇಕಿತ್ತಾ" ಎನ್ನುವವರು ಮೊದಲು ಆ ಜಾಗದಲ್ಲಿ ಆರು ಗಂಟೆ ಕೂತು ಬರಲಿ. ಆಮೇಲೆ ಮಾತಾಡೋಣ. (ನಿಂತುಕೊಂಡೇ ಮಾತಾಡಬೇಕಾಗುತ್ತದೆ, ಕೂರಲು ಆಗುವುದಿಲ್ಲ.)

ಆರು ಗಂಟೆ ಎಂದರೆ ನಮ್ಮ ಮನೆಯಿಂದ ನಾದಿನಿಯ ಮನೆಗೆ ಇರುವ ದೂರ. ವರ್ಷಕ್ಕೆ ನಾಲ್ಕು ಸಲ ಹೋಗುತ್ತೇವೆ. ಕಾರು ಚಿಕ್ಕದು, ನಾವು ಐದು ಜನ. ಗಂಡ ಶಾಲೆಯಲ್ಲಿ ಭೂಗೋಳದ ಮೇಷ್ಟ್ರು. ಓಡಿಸುವವರು ಅವರಾದ್ದರಿಂದ ಸ್ಟೇರಿಂಗ್ ಮುಂದಿನ ಸಿಂಹಾಸನ ಅವರದು. ಅದರ ಪಕ್ಕದ್ದು ಅತ್ತೆಯದು, ಯಾಕೆಂದರೆ ಅವರಿಗೆ ಮೊಣಕಾಲು ನೋವು. ಹಿಂದೆ ಎಡಗಡೆ ಕಿಟಕಿ ಮಗಳದು, ಕಿಟಕಿ ಸಿಗದಿದ್ದರೆ ಅವಳಿಗೆ ವಾಂತಿ. ಬಲಗಡೆ ಕಿಟಕಿ ಮಗನದು, ಅಕ್ಕನಿಗೆ ಒಂದು ಕಿಟಕಿ ಕೊಟ್ಟ ಮೇಲೆ ಅವನಿಗೂ ಒಂದು ಕೊಡದಿದ್ದರೆ ಅನ್ಯಾಯ. ಉಳಿದದ್ದು ನಡು. ಉಳಿದವಳು ನಾನು. ನಾವು ಮಧ್ಯಮ ವರ್ಗದವರು ಎಂದು ಗಂಡ ಆಗಾಗ ಹೇಳುತ್ತಿರುತ್ತಾರೆ. ಕಾರಿನೊಳಗೆ ಆ ವರ್ಗಕ್ಕೆ ಸೇರಿದವಳು ನಾನೊಬ್ಬಳೇ.

ಅದನ್ನು ಸೀಟು ಎಂದು ಕರೆಯುವುದೇ ತಪ್ಪು. ಎರಡು ಸೀಟುಗಳು ಒಂದಕ್ಕೊಂದು ತಾಗಿ, ಜಗಳವಾಡಿ, ಮಧ್ಯದಲ್ಲಿ ಎತ್ತರಿಸಿಕೊಂಡ ಗಡಿ ಅದು. ಕಾಲಿನ ಕೆಳಗೆ ಇನ್ನೊಂದು ಉಬ್ಬು. ಹಾಗಾಗಿ ಮೊಣಕಾಲು ಗಲ್ಲದ ಹತ್ತಿರ. ತಲೆ ಆನಿಸಲು ಹಿಂದೆ ಏನೂ ಇಲ್ಲ. ಮಡಿಲಲ್ಲಿ ತಿಂಡಿಯ ಚೀಲ, ಫ್ಲಾಸ್ಕು, ಅತ್ತೆಯ ಕೈಚೀಲ. ನಡುಸೀಟಿನಲ್ಲಿ ಕೂತು ಕೂತು ಹೋದದ್ದು ನನ್ನ ನಡು.

"ಈ ಉಬ್ಬು ನನ್ನ ಪ್ರಾಣ ತಿನ್ನುತ್ತೆ ರೀ" ಎಂದರೆ ಗಂಡ ಕನ್ನಡಿಯಲ್ಲಿ ನನ್ನನ್ನು ನೋಡಿ, "ಅದನ್ನ ಪ್ರಸ್ಥಭೂಮಿ ಅನ್ಕೋ. ಎತ್ತರದ ಜಾಗ. ಎದುರಿನ ರಸ್ತೆ ನಿನಗೆ ಕಂಡಷ್ಟು ಚೆನ್ನಾಗಿ ಇನ್ಯಾರಿಗೂ ಕಾಣಲ್ಲ" ಎನ್ನುತ್ತಿದ್ದರು.

ನಾನು ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುವವಳು. ದಿನವಿಡೀ ಊರಿನವರ ಸೊಂಟ ಅಳೆಯುವುದೇ ಕೆಲಸ. ಒಂದು ಭಾನುವಾರ ಟೇಪು ತೆಗೆದುಕೊಂಡು ಹೋಗಿ ಕಾರಿನ ಹಿಂದಿನ ಸೀಟು ಅಳೆದೆ. ಒಟ್ಟು ನಲವತ್ತೆಂಟು ಇಂಚು. ಮಗಳು ಹದಿನೆಂಟು ಬಳಸುತ್ತಾಳೆ. ಮಗ ಕಾಲು ಅಗಲಿಸಿ ಕೂರುವುದರಿಂದ ಅವನೂ ಹದಿನೆಂಟು. ನನ್ನ ಪಾಲಿಗೆ ಹನ್ನೆರಡು. ಹನ್ನೆರಡು ಇಂಚಿನಲ್ಲಿ ನಾನು ಮಗುವಿಗೊಂದು ಕಾಲರು ಹೊಲಿದೇನು, ಕೂರಲಾರೆ.

ಈ ಅಂಕಿಅಂಶಗಳನ್ನು ಊಟದ ಹೊತ್ತಿಗೆ ಸಭೆಯ ಮುಂದಿಟ್ಟೆ.

"ಸರದಿ ಮಾಡೋಣ. ಎರಡೆರಡು ಗಂಟೆಗೆ ಒಬ್ಬೊಬ್ಬರು ನಡುವೆ ಕೂರೋದು."

"ನಂಗೆ ವಾಂತಿ ಬರುತ್ತೆ" ಎಂದಳು ಮಗಳು.

"ಅವಳು ಕೂರಲ್ಲ ಅಂದ್ರೆ ನಾನೂ ಕೂರಲ್ಲ" ಎಂದ ಮಗ.

ಅತ್ತೆ ತಟ್ಟೆಯಿಂದ ತಲೆ ಎತ್ತದೆ ಹೇಳಿದರು. "ನೋಡಮ್ಮಾ, ಓಡಿಸೋರಿಗೆ ಓಡಿಸೋ ಸೀಟು. ಕಾಲು ನೋವಿರೋರಿಗೆ ಮುಂದಿನ ಸೀಟು. ಮಕ್ಕಳಿಗೆ ಕಿಟಕಿ. ಇದರಲ್ಲಿ ತಪ್ಪೇನಿದೆ ಹೇಳು. ನೀನು ಇದರಲ್ಲಿ ಯಾವುದು?"

ನಾನು ಇದರಲ್ಲಿ ಯಾವುದೂ ಆಗಿರಲಿಲ್ಲ. ಕಾಲು ನೋವು ತರಿಸಿಕೊಳ್ಳಬಹುದಿತ್ತು, ಆದರೆ ಆ ಪದವಿ ಖಾಲಿ ಇರಲಿಲ್ಲ. ಮತ್ತೆ ಮಗುವಾಗುವುದು ಆಗದ ಮಾತು. ಉಳಿದದ್ದು ಒಂದೇ ದಾರಿ. ಸಾರು ಬಡಿಸುತ್ತಲೇ ನಿಶ್ಚಯಿಸಿಬಿಟ್ಟೆ.

ಮಾರನೆಯ ದಿನವೇ ಡ್ರೈವಿಂಗ್ ಶಾಲೆಗೆ ಸೇರಿದೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಮಧ್ಯಾಹ್ನ ಎಲ್ಲರೂ ಹೊರಗಿರುತ್ತಾರೆ, ಅತ್ತೆ ಮಲಗಿರುತ್ತಾರೆ. ಅವರು ಎದ್ದು ಕೇಳಿದರೆ "ಬಟ್ಟೆ ಕೊಟ್ಟು ಬರೋಕೆ ಹೋಗಿದ್ದೆ" ಎನ್ನುತ್ತಿದ್ದೆ. ಮೂರು ತಿಂಗಳು ನಾನು ಅಷ್ಟೊಂದು ಬಟ್ಟೆ ಕೊಟ್ಟು ಬಂದಿದ್ದರೆ ಈ ಊರಿನಲ್ಲಿ ಹಳೆಯ ಬಟ್ಟೆ ಹಾಕಿಕೊಂಡವರು ಒಬ್ಬರೂ ಉಳಿಯುತ್ತಿರಲಿಲ್ಲ.

ನನಗೆ ಕಲಿಸಿದವರು ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಅವರ ಕಾಲಿನ ಕೆಳಗೂ ಒಂದು ಬ್ರೇಕು ಇತ್ತು. ನಾನು ಕೂತ ಕ್ಷಣದಿಂದ ಇಳಿಯುವವರೆಗೂ ಅವರು ಅದರ ಮೇಲಿಂದ ಕಾಲು ತೆಗೆಯುತ್ತಿರಲಿಲ್ಲ, ಹಾಗಾಗಿ ನಾನು ಮನಸ್ಸಿನಲ್ಲಿ ಅವರಿಗೆ ಬ್ರೇಕ್ ಮಾಮ ಎಂದು ಹೆಸರಿಟ್ಟೆ.

"ಅಮ್ಮಾ, ಸ್ಟೇರಿಂಗನ್ನ ಒದ್ದೆ ಬಟ್ಟೆ ಹಿಂಡೋ ಥರ ಹಿಡ್ಕೋಬೇಡಿ."

"ಸರಿ."

"ಅಮ್ಮಾ, ಇದು ಹೊಲಿಗೆ ಮಿಷನ್ ಅಲ್ಲ. ಒಂದೇ ಸಮ ತುಳೀಬೇಡಿ. ನಾವು ರಸ್ತೆ ಹೊಲಿಯೋಕೆ ಬಂದಿಲ್ಲ."

ಮೊದಲ ಪರೀಕ್ಷೆಯಲ್ಲಿ ಹಿಂದಕ್ಕೆ ಬರುವಾಗ ಎರಡು ಕಂಬ ಬೀಳಿಸಿದೆ. ಎರಡನೆಯ ಸಲ ಒಂದೇ ಕಂಬ, ಅದೂ ಬೀಳಲಿಲ್ಲ, ಸುಮ್ಮನೆ ನನಗೆ ತಲೆಬಾಗಿತು. ಪಾಸಾದೆ. ಬ್ರೇಕ್ ಮಾಮ ಆ ದಿನ ಮೊದಲ ಬಾರಿಗೆ ಎರಡೂ ಕಾಲು ನೆಲದ ಮೇಲಿಟ್ಟು, "ನಿಮ್ಮಷ್ಟು ಹಟ ಇರೋರನ್ನ ನಾನು ನೋಡಿಲ್ಲ" ಎಂದರು. ಅದನ್ನು ನಾನು ಪದವಿ ಪ್ರದಾನವೆಂದೇ ಸ್ವೀಕರಿಸಿದೆ.

ನಾದಿನಿಯ ಮನೆಗೆ ಹೊರಡುವ ಬೆಳಿಗ್ಗೆ ಎಲ್ಲರೂ ಚಪ್ಪಲಿ ಹುಡುಕುತ್ತಿರುವಾಗಲೇ ನಾನು ಹೋಗಿ ಸ್ಟೇರಿಂಗ್ ಮುಂದೆ ಕೂತೆ. ಗಂಡ ಬಂದು ಬಾಗಿಲು ತೆರೆದರು. ತಾವು ಸ್ನಾನಕ್ಕೆ ಹೊರಟ ಬಚ್ಚಲಲ್ಲಿ ಬೇರೆ ಯಾರೋ ಹಾಡುತ್ತಿರುವುದು ಕೇಳಿದವರ ಹಾಗೆ ನಿಂತರು.

"ಇದು ನನ್ನ ಸೀಟು."

"ಓಡಿಸೋರ ಸೀಟು. ಇವತ್ತು ನಾನು ಓಡಿಸ್ತೀನಿ." ಲೈಸೆನ್ಸು ಅವರ ಕೈಗಿಟ್ಟೆ.

ಅವರು ಅದನ್ನು ಹಿಂದೆ ಮುಂದೆ ತಿರುಗಿಸಿದರು. ವಿದ್ಯಾರ್ಥಿ ತಂದ ರಜಾ ಚೀಟಿಯಲ್ಲಿ ಅಪ್ಪನ ಸಹಿ ಅಪ್ಪನದೇ ಹೌದೋ ಎಂದು ನೋಡುವ ಹಾಗೆ ನೋಡಿದರು.

"ಇದು ನಿಂದೇನಾ?"

"ಫೋಟೋ ನೋಡಿ."

"ಫೋಟೋದಲ್ಲಿ ಯಾರೋ ಹಿಡ್ಕೊಂಡು ಹಿಂಡಿದ ಹಾಗೆ ಕಾಣ್ತೀಯ."

"ಹನ್ನೊಂದು ವರ್ಷ ನಡುವೆ ಕೂತ ಮುಖ ಅದು."

ಅವರು ಬೆಂಬಲಕ್ಕಾಗಿ ತಾಯಿಯ ಕಡೆ ತಿರುಗಿದರು. ಅತ್ತೆ ಆಗಲೇ ತಮ್ಮ ಸೀಟಿನಲ್ಲಿ ಕೂತು ಬೆಲ್ಟು ಹಾಕಿಕೊಂಡಿದ್ದರು. "ಅವಳೇ ಓಡಿಸ್ಲಿ ಬಿಡು. ನೀನು ಬ್ರೇಕು ಹಾಕಿದಾಗೆಲ್ಲ ನನ್ನ ಮೊಣಕಾಲು ಹೋಗಿ ಮುಂದೆ ಬಡಿಯುತ್ತೆ. ದಾರಿಯುದ್ದಕ್ಕೂ ಅದ್ಯಾವುದೋ ಬೆಟ್ಟ ತೋರಿಸ್ತಿರ್ತೀಯ, ರಸ್ತೆ ಮಾತ್ರ ನೋಡಲ್ಲ" ಎಂದರು. ಹನ್ನೊಂದು ವರ್ಷಗಳಲ್ಲಿ ಅತ್ತೆ ನನ್ನ ಪರ ವಹಿಸಿದ್ದು ಅದೇ ಮೊದಲು. ಮಕ್ಕಳು ತಮ್ಮ ತಮ್ಮ ಕಿಟಕಿಗೆ ಅಂಟಿಕೊಂಡಿದ್ದರು. ಆರಡಿ ಎತ್ತರದ ಭೂಗೋಳದ ಮೇಷ್ಟ್ರು ಬಗ್ಗಿ, ಮಡಚಿಕೊಂಡು, ತೂರಿಕೊಂಡು, ಪ್ರಸ್ಥಭೂಮಿಯ ಮೇಲೆ ಆಸೀನರಾದರು.

ನಾನು ಎದುರಿನ ಕನ್ನಡಿಯನ್ನು ಅವರ ಮುಖ ಕಾಣುವ ಹಾಗೆ ತಿರುಗಿಸಿದೆ. (ಹಿಂದಿನ ಗಾಡಿಗಳಿಗೆ ಪಕ್ಕದ ಕನ್ನಡಿ ಇದ್ದೇ ಇತ್ತು.)

ಮೊದಲ ಗಂಟೆ ಸ್ವರ್ಗ. ಎರಡೂ ಮೊಣಕೈ ಚಾಚಿದರೂ ಯಾರಿಗೂ ತಾಗಲಿಲ್ಲ. ಎರಡನೆಯ ಗಂಟೆಗೆ ಆ ಸೀಟಿನ ಪರಿಚಯವಾಗತೊಡಗಿತು. ಹನ್ನೊಂದು ವರ್ಷ ಗಂಡನ ಭಾರ ಹೊತ್ತ ಸೀಟು ಅದು. ಅವರ ಆಕಾರದಲ್ಲೇ ಆಳವಾಗಿ ಗುಂಡಿ ಬಿದ್ದಿತ್ತು. ನಾನು ಐದಡಿಯವಳು. ಗುಂಡಿಯಲ್ಲಿ ಕೂತರೆ ರಸ್ತೆ ಕಾಣುವುದಿಲ್ಲ. ಹಾಗಾಗಿ ಸೋಫಾದ ದಿಂಬು ಹಾಕಿಕೊಂಡು ಕೂತಿದ್ದೆ. ದಿಂಬಿನ ಮೇಲೆ ಕೂತರೆ ಕಾಲು ಪೆಡಲಿಗೆ ಎಟುಕುವುದಿಲ್ಲ. ಸೀಟು ಮುಂದಕ್ಕೆ ಎಳೆದುಕೊಂಡರೆ ಸ್ಟೇರಿಂಗು ಹೊಟ್ಟೆಗೆ. ಬೆನ್ನಿನ ಹಲಗೆಯನ್ನು ನೆಟ್ಟಗೆ ಮಾಡುವ ಹಿಡಿ ಯಾವ ಕಾಲದಲ್ಲೋ ಮುರಿದಿತ್ತು; ಅದು ಗಂಡನಿಗೆ ಹಿತವಾದ ಕೋನದಲ್ಲಿ ಹಿಂದಕ್ಕೆ ವಾಲಿ ನಿಂತುಬಿಟ್ಟಿತ್ತು. ಅಂದರೆ ನನ್ನ ಬೆನ್ನಿಗೂ ಸೀಟಿನ ಬೆನ್ನಿಗೂ ಮಾತುಕತೆಯೇ ಇರಲಿಲ್ಲ. ಬಲಗಾಲು ಪೆಡಲಿನ ಮೇಲೆ ತುದಿಬೆರಳಲ್ಲಿ ನಿಂತಿತ್ತು. ಸೊಂಟದಲ್ಲಿ ಯಾರೋ ಸೂಜಿಗೆ ದಾರ ಪೋಣಿಸಿ ನಿಧಾನವಾಗಿ ಹೊಲಿಯುತ್ತಿದ್ದರು.

ಪರವಾಗಿಲ್ಲ, ಗಂಡನ ಪಾಡು ನೋಡಿ ಸಮಾಧಾನ ಮಾಡಿಕೊಳ್ಳೋಣ ಎಂದು ಕನ್ನಡಿ ನೋಡಿದೆ.

ಅವರು ನಿದ್ದೆ ಮಾಡುತ್ತಿದ್ದರು. ತಲೆ ಮಗಳ ಹೆಗಲ ಮೇಲೆ. ಮಗನ ತಲೆ ಅವರ ತೋಳಿನ ಮೇಲೆ. ಎರಡೂ ಕಾಲುಗಳನ್ನು ಮುಂದಿನ ಎರಡು ಸೀಟುಗಳ ಸಂದಿನಲ್ಲಿ ಆರಾಮವಾಗಿ ಚಾಚಿದ್ದರು. ಅವರ ಕಾಲ್ಚೀಲ ನನ್ನ ಮೊಣಕೈಯ ಹತ್ತಿರವೇ ಇತ್ತು. ಇವರಿಗೆ ಕಾಲು ಚಾಚಲು ಜಾಗ ಎಲ್ಲಿಂದ ಬಂತು? ತಿಂಡಿಯ ಚೀಲ ಎಲ್ಲಿ?

"ಡಿಕ್ಕಿಯಲ್ಲಿ ಇಟ್ರು ಅಪ್ಪ" ಎಂದಳು ಮಗಳು. ವಾಂತಿಯ ಸುದ್ದಿಯೇ ಇರಲಿಲ್ಲ.

ಆ ಚೀಲವನ್ನು ಡಿಕ್ಕಿಯಲ್ಲಿ ಇಡಬಹುದು ಎನ್ನುವುದು ಹನ್ನೊಂದು ವರ್ಷ ಯಾರಿಗೂ ಹೊಳೆದಿರಲಿಲ್ಲ. ಅವರಿಗೆ ಕೂರುವ ಮೊದಲೇ ಹೊಳೆದಿದೆ. ನನಗೆ ಬಂದ ಸಿಟ್ಟಿಗೆ ಕಾರು ಹತ್ತು ಕಿಲೋಮೀಟರು ಜೋರಾಯಿತು. ಅಷ್ಟರಲ್ಲಿ ಅವರು ಒಂದು ಕಣ್ಣು ತೆರೆದು, "ಇಲ್ಲಿ ಇಷ್ಟು ಚೆನ್ನಾಗಿರುತ್ತೆ ಅಂತ ಗೊತ್ತೇ ಇರ್ಲಿಲ್ಲ ಕಣೇ. ಎರಡೂ ಕಡೆ ಬೆಚ್ಚಗೆ. ನೀನು ಹೇಗಿದೀಯ?" ಎಂದರು.

"ಹೂವಿನ ಮೇಲೆ ಕೂತ ಹಾಗಿದೆ" ಎಂದೆ.

ಮೂರನೆಯ ಗಂಟೆಗೆ ಅತ್ತೆ "ಸ್ವಲ್ಪ ನಿಲ್ಸಮ್ಮಾ" ಎಂದರು. ರಸ್ತೆ ಬದಿಯ ಒಂದು ಹೋಟೆಲಿನ ಮುಂದೆ ನಿಲ್ಲಿಸಿದೆ. ಎಲ್ಲರೂ ಒಳಗೆ ಹೋದರು. ನಾನು ಬಾಗಿಲು ಹಿಡಿದುಕೊಂಡು ಒಂದೊಂದೇ ಅಂಗವನ್ನು ಹೊರಗೆ ಇಳಿಸಿದೆ. ಬೆನ್ನು ನೆಟ್ಟಗಾಗಲು ಒಪ್ಪಲಿಲ್ಲ. ಬಗ್ಗಿಯೇ ನಿಂತವಳು ಯಾರಾದರೂ ನೋಡಿಯಾರು ಎಂದು ಟೈರು ಪರೀಕ್ಷಿಸುವವಳ ಹಾಗೆ ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತೆ. ಆಹಾ, ಎಂಥ ಸುಖ. ಒಂದು ಚಕ್ರವಾದ ಮೇಲೆ ಇನ್ನೊಂದು. ನಾಲ್ಕೂ ಚಕ್ರ ಮುಗಿಸಿ ಮತ್ತೆ ಮೊದಲನೆಯದಕ್ಕೆ ಬಂದೆ.

ಪಕ್ಕದಲ್ಲಿ ನಿಂತಿದ್ದ ಲಾರಿಯ ಡ್ರೈವರು ಟೀ ಕುಡಿಯುತ್ತ ನನ್ನನ್ನೇ ನೋಡುತ್ತಿದ್ದ.

"ಪಂಕ್ಚರಾ ಅಮ್ಮಾ?"

"ಇಲ್ಲ. ಸುಮ್ನೆ ನೋಡ್ತಿದೀನಿ."

"ಸೊಂಟದ ಹಿಂದೆ ಒಂದು ಟವೆಲ್ ಸುತ್ತಿ ಇಟ್ಕೊಳ್ಳಿ. ಗಂಟೆಗೊಂದ್ಸಲ ಇಳಿದು ನಡೀರಿ." ಅವನು ಲೋಟ ಕೆಳಗಿಟ್ಟ. "ನಾನೂ ಮೊದಮೊದಲು ಟೈರೇ ನೋಡ್ತಿದ್ದೆ."

ನಾನು ಗಂಭೀರವಾಗಿ, "ನನ್ನ ಸೊಂಟಕ್ಕೆ ಏನೂ ಆಗಿಲ್ಲ" ಎಂದೆ. ಅವನು "ಆಗಿರಲ್ಲ ಬಿಡಿ" ಎಂದು ನಕ್ಕ. ನಮ್ಮ ಚೀಲದಲ್ಲಿ ಎರಡು ಟವೆಲ್ ಇದ್ದವು. ಆದರೆ ಟವೆಲ್ ಇಟ್ಟುಕೊಂಡರೆ ಗಂಡ ನೋಡುತ್ತಾರೆ. ನೋಡಿದರೆ "ನೋವಾ?" ಎನ್ನುತ್ತಾರೆ. "ಹೌದು" ಎಂದರೆ ನಾನು ಮತ್ತೆ ಗಡಿಯ ಮೇಲೆ, ಚೀಲ ಮತ್ತೆ ನನ್ನ ಮಡಿಲಲ್ಲಿ. ಟವೆಲನ್ನು ಮುಟ್ಟಲಿಲ್ಲ. ಹೋಟೆಲಿನಿಂದ ಬಂದ ಗಂಡ "ಬೇಕಾದ್ರೆ ಇಲ್ಲಿಂದ ನಾನು ಓಡಿಸ್ತೀನಿ" ಎಂದರು. ಆ ಮಾತು ಬಾಯಿತುದಿಯದು. ಹೇಳುವಾಗಲೇ ಒಂದು ಕಾಲು ಹಿಂದಿನ ಸೀಟಿನೊಳಗೆ ಇಟ್ಟಾಗಿತ್ತು.

"ಬೇಡ" ಎಂದೆ. ಉಳಿದ ಮೂರು ಗಂಟೆ ಹೇಗೆ ಓಡಿಸಿದೆನೋ ನನ್ನ ಹಲ್ಲುಗಳನ್ನು ಕೇಳಬೇಕು, ಕಚ್ಚಿಕೊಂಡಿದ್ದವು ಅವೇ. ಆದರೆ ಒಂದು ಮಾತು. ಒಂದು ಸಲವೂ ಗಕ್ಕನೆ ಬ್ರೇಕು ಹಾಕಲಿಲ್ಲ, ಒಂದು ಗುಂಡಿಗೂ ಇಳಿಸಲಿಲ್ಲ. ಅತ್ತೆ ಸಹ ನಿದ್ದೆ ಮಾಡಿದರು.

ನಾದಿನಿಯ ಮನೆಯ ಅಂಗಳದಲ್ಲಿ ಕಾರು ನಿಲ್ಲಿಸಿದಾಗ ಅವಳೂ ಅವಳ ಗಂಡನೂ ಓಡಿ ಬಂದರು. ಸ್ಟೇರಿಂಗ್ ಮುಂದೆ ನನ್ನನ್ನು ಕಂಡು ನಾದಿನಿ ಬಾಯಿಯ ಮೇಲೆ ಕೈಯಿಟ್ಟಳು. ಅತ್ತೆ ಕೋಲು ಊರದೆ ಇಳಿದು ನಿಂತರು.

"ನೋಡೇ, ಆರು ಗಂಟೆ ಕೂತು ಬಂದೆ, ಮೊಣಕಾಲು ಇದೆ ಅನ್ನೋದೇ ಗೊತ್ತಾಗ್ಲಿಲ್ಲ. ಇನ್ಮೇಲೆ ಎಲ್ಲಿಗೆ ಹೋದ್ರೂ ಇವಳೇ ಓಡಿಸೋದು. ನಾನು ಬೇರೆಯವರ ಜೊತೆ ಕೂರಲ್ಲ."

"ನಂದೇನೂ ಅಭ್ಯಂತರ ಇಲ್ಲ" ಎಂದರು ನನ್ನ ಗಂಡ. ಅಷ್ಟು ಬೇಗ ಅವರು ಯಾವ ವಿಷಯಕ್ಕೂ ಒಪ್ಪಿದವರಲ್ಲ.

"ಹಾಗಾದ್ರೆ ಒಳ್ಳೇದೇ ಆಯ್ತು" ಎಂದಳು ನಾದಿನಿ. "ನಾಳೆ ಸಮುದ್ರ ನೋಡೋಕೆ ಹೋಗೋಣ ಅಂತಿದ್ವಿ. ಒಂಬತ್ತು ಗಂಟೆ ದಾರಿ, ಇವರಿಗೆ ಅಷ್ಟು ದೂರ ಓಡಿಸಿ ಅಭ್ಯಾಸ ಇಲ್ಲ. ನಮ್ಮ ದೊಡ್ಡ ಗಾಡಿ ಇದೆ, ಎಲ್ಲರೂ ಅದರಲ್ಲೇ ಹೋಗಬಹುದು. ಅತ್ತಿಗೆ, ನೀವು ಓಡಿಸ್ತೀರಾ? ಸುಸ್ತಾಗಿದ್ರೆ ಬೇಡ, ಬಿಡಿ."

ಆರು ಮುಖಗಳು ನನ್ನನ್ನೇ ನೋಡುತ್ತಿದ್ದವು. "ಸುಸ್ತಾಗಿದೆ" ಎಂಬ ಒಂದೇ ಒಂದು ಪದ ಸಾಕಿತ್ತು. ನಾದಿನಿ ಅದನ್ನು ನನ್ನ ಕೈಗೇ ಕೊಟ್ಟಿದ್ದಳು.

"ಬೆಳಿಗ್ಗೆ ಎಷ್ಟು ಗಂಟೆಗೆ ಹೊರಡೋಣ?" ಎಂದೆ.

ಎಲ್ಲರೂ ಸಂಭ್ರಮದಿಂದ ಒಳಗೆ ನಡೆದರು. ನಾನು ಇಳಿಯಲೆಂದು ಬಲಗಾಲು ಎತ್ತಿದೆ. ಬಲಗಾಲು ಬರಲಿಲ್ಲ. ಎರಡೂ ಕೈಯಲ್ಲಿ ಅದನ್ನು ಹಿಡಿದು ಎತ್ತಿ ಬಾಗಿಲ ಕಡೆ ತಿರುಗಿಸಿದೆ. ಆಗ ಸೊಂಟ ಹಿಡಿದುಕೊಂಡಿತು. ಕಾಲು ಅರ್ಧ ಹೊರಗೆ, ಉಳಿದವಳು ಒಳಗೆ, ಹಾಗೇ ಕೂತೆ.

ಗಂಡ ಮನೆಯ ಬಾಗಿಲಿನಿಂದ ಹಿಂತಿರುಗಿ ನೋಡಿದರು. "ಬರಲ್ವಾ? ಕಾಲು ಏನಾದ್ರೂ..."

"ಏನಿಲ್ಲ. ಇಲ್ಲಿ ಗಾಳಿ ಚೆನ್ನಾಗಿದೆ."

ಅರ್ಧ ಗಂಟೆಯಾದ ಮೇಲೆ ನಾದಿನಿ ಕಾಫಿಯನ್ನು ಕಾರಿಗೇ ತಂದುಕೊಟ್ಟಳು. ನಾನು ಕೂತಲ್ಲಿಂದಲೇ ಕೈ ಚಾಚಿ ತೆಗೆದುಕೊಂಡೆ. ಒಳಗಿನಿಂದ ಅತ್ತೆ ಅಳಿಯನಿಗೆ ಹೇಳುತ್ತಿದ್ದದ್ದು ಸ್ಪಷ್ಟವಾಗಿ ಕೇಳಿಸಿತು.

"ಎಷ್ಟು ಆಸೆ ನೋಡಪ್ಪಾ ಅವಳಿಗೆ. ಊರು ಬಂದ್ರೂ ಸೀಟು ಬಿಡೋಕೆ ಮನಸ್ಸು ಬರ್ತಾ ಇಲ್ಲ."